ಅಪ್ಪನ ಟ್ಯಾಂಕಿನ ಚಕ್ರ ಕರಗಿದೆ, ವಿಮಾನಕ್ಕೆ ಬಿಳಿ ಪುಡಿ ಹತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಮಡಿಕೇರಿ ಹತ್ತಿರದ ಊರು. ಅಪ್ಪ ಸೈನ್ಯದಲ್ಲಿ, ಟ್ಯಾಂಕ್ ರೆಜಿಮೆಂಟಿನಲ್ಲಿ ಇದ್ದವರು. ರಿಟೈರ್ ಆದ ಮೇಲೆ 80ರ ದಶಕದಲ್ಲಿ ಎರಡು ಪ್ಲಾಸ್ಟಿಕ್ ಮಾಡೆಲ್ ಕಟ್ಟಿದ್ದರು. ಒಂದು 1/35 ಅಳತೆಯ ಸೆಂಚುರಿಯನ್ ಟ್ಯಾಂಕ್, ಇನ್ನೊಂದು 1/72 ಅಳತೆಯ ನ್ಯಾಟ್ ವಿಮಾನ. ಅವರು ತೀರಿಕೊಂಡು ಎರಡು ವರ್ಷ ಆಯಿತು. ಮನೆ ರಿಪೇರಿ ಮಾಡಿಸುವಾಗ ಎರಡನ್ನೂ ಸ್ಪಂಜಿನಲ್ಲಿ ಸುತ್ತಿ, ಹುಳ ಬೀಳದಿರಲಿ ಎಂದು ಒಂದು ಹಿಡಿ ನುಸಿಗುಳಿಗೆ ಹಾಕಿ, ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಏರಿಸಿದ್ದೆ. ಈ ಮಳೆಗಾಲ ಕಳೆದು ತೆಗೆದು ನೋಡಿದರೆ ಎದೆ ಧಸಕ್ಕೆಂದಿತು. ಟ್ಯಾಂಕಿನ ಕಪ್ಪು ಚೈನು ಎರಡು ಕಡೆ ತುಂಡಾಗಿದೆ. ಅದು ತಾಗಿದ್ದ ಕಡೆಯೆಲ್ಲಾ ಚಕ್ರ ಕರಗಿ ಹಳ್ಳ ಬಿದ್ದಿದೆ. ವಿಮಾನದ ಮೇಲೆ ಬಿಳಿ ಪುಡಿ, ಮುಟ್ಟಿದರೆ ಅಂಟು. ಅದರ ಗಾಜಿನ ಮುಚ್ಚಳ ಮಂಜಾಗಿದೆ. ಜೊತೆಯಲ್ಲಿದ್ದ ಬಳಸದ ಡೆಕಾಲ್ ಹಾಳೆ, ಅಂದರೆ ನೆನೆಸಿ ಅಂಟಿಸುವ ಗುರುತುಗಳ ಹಾಳೆ, ಹಳದಿಯಾಗಿದೆ. ಅಂಗಡಿಯವರು ಶೆಕೆಗೆ ಕರಗಿದೆ ಅಂದರು. ಈ ಹವ್ಯಾಸವಿರುವ ಸ್ನೇಹಿತರೊಬ್ಬರು, ‘ಥಿನ್ನರ್ ಹಾಕಿ ಬಣ್ಣ ಪೂರ್ತಿ ತೆಗೆದು ಹೊಸದಾಗಿ ಸ್ಪ್ರೇ ಮಾಡಿಸು. ಹೇಗೂ ನಿಮ್ಮಪ್ಪನ ನ್ಯಾಟ್ ತಪ್ಪಾಗಿದೆ’ ಅನ್ನುತ್ತಾರೆ. ಟ್ಯಾಂಕಿನ ಗೋಪುರದ ಮೇಲೆ ಅಪ್ಪ ಬ್ರಷ್‌ನಿಂದ ‘ಫಾಮಗುಸ್ತಾ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದೇನೋ ನನಗೆ ಗೊತ್ತಿಲ್ಲ. ವಿಮಾನದ ಮೇಲಿನ ಕೇಸರಿ, ಬಿಳಿ, ಹಸಿರಿನ ವೃತ್ತವನ್ನೂ ಅವರೇ ಕೈಯಲ್ಲಿ ಬರೆದಿದ್ದಾರೆ. ಇವನ್ನು ಉಳಿಸಬಹುದಾ? ಒಂಬತ್ತು ವರ್ಷದ ಮಗ ಬೇರೆ ಆಡಲು ಕೊಡಿ ಎಂದು ಹಟ ಮಾಡುತ್ತಾನೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಿ, ಆ ನುಸಿಗುಳಿಗೆಗಳನ್ನು ಡಬ್ಬಿಯಿಂದ ತೆಗೆದು ಮನೆಯಾಚೆ ಇಡಿ. ಸ್ಪಂಜನ್ನೂ ಬಿಚ್ಚಿ. ಮಾಡೆಲ್‌ಗಳನ್ನು ಒರೆಸಬೇಡಿ, ಉಜ್ಜಬೇಡಿ. ಅಡಿಯಿಂದ ಎತ್ತಿ, ಜಗಲಿಯಲ್ಲಿ ನೆರಳಿರುವ ಕಡೆ ಒಂದು ಸ್ಟೀಲ್ ತಟ್ಟೆಯ ಮೇಲೆ ಇಡಿ. ಆಮೇಲೆ ಬಂದು ಮುಂದೆ ಓದಿ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿವೆ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ: ಅಪ್ಪ ಇಷ್ಟು ವರ್ಷ ಕಾಪಾಡಿದ್ದನ್ನು ನಾನು ಹಾಳು ಮಾಡಿಬಿಟ್ಟೆನಾ? ಟ್ಯಾಂಕಿನ ಮಟ್ಟಿಗೆ ಖಂಡಿತ ಇಲ್ಲ. ವಿಮಾನದ ಮಟ್ಟಿಗೆ ಸ್ವಲ್ಪ ಹೌದು, ಆದರೆ ಬಹುಪಾಲು ಸರಿಹೋಗುವಂಥದ್ದು.

ಶೆಕೆಯ ಮಾತು ಮೊದಲು ಮುಗಿಸೋಣ. ಈ ಕಿಟ್‌ಗಳ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಎಂದು ಹೆಸರು. ಅದು ಮೆತ್ತಗಾಗಲು ಹತ್ತಿರ ಹತ್ತಿರ 100 ಡಿಗ್ರಿ ಸೆಲ್ಸಿಯಸ್ ಬೇಕು. ಬೇಸಿಗೆಯಲ್ಲಿ ಗಾಜು ಮುಚ್ಚಿದ ಕಾರಿನಲ್ಲಿಟ್ಟರೆ ತೆಳು ರೆಕ್ಕೆ ಸೊಟ್ಟಗಾದೀತು. ಮಡಿಕೇರಿಯ ಅಟ್ಟದಲ್ಲಿ, ಅದೂ ಮಳೆಗಾಲದಲ್ಲಿ, ಪ್ಲಾಸ್ಟಿಕ್ ಕರಗುವ ಮಾತೇ ಇಲ್ಲ. ಶೆಕೆಗೆ ಕರಗಿದ್ದರೆ ಇಡೀ ಟ್ಯಾಂಕ್ ಬಾಗಬೇಕಿತ್ತು ಅಲ್ವಾ? ನಿಮ್ಮಲ್ಲಿ ಚೈನು ತಾಗಿದ ಜಾಗ ಮಾತ್ರ ಹಳ್ಳ ಬಿದ್ದಿದೆ. ಕಳ್ಳ ಅಲ್ಲೇ ಕೂತಿದ್ದಾನೆ.

ಆ ಕಪ್ಪು ಚೈನು ರಬ್ಬರ್ ಅಲ್ಲ, ಮೆದು ವಿನೈಲ್, ಅಂದರೆ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ ವಸ್ತು. ನಲ್ಲಿಯ ಪೈಪು ನೋಡಿದ್ದೀರಲ್ಲ, ಅದೂ ಪಿವಿಸಿಯೇ. ಅದನ್ನು ಬಗ್ಗುವಂತೆ ಮಾಡಲು ಎಣ್ಣೆಯಂಥ ಒಂದು ದ್ರವ ಬೆರೆಸುತ್ತಾರೆ. ಪ್ಲಾಸ್ಟಿಸೈಸರ್ ಅನ್ನುತ್ತಾರೆ. ಈ ದ್ರವ ವಿನೈಲ್ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ನೆ ಒಳಗೆ ಸೇರಿಕೊಂಡಿರುತ್ತದೆ ಅಷ್ಟೆ. ವರ್ಷ ಕಳೆದಂತೆ ಮೆಲ್ಲಗೆ ಹೊರಗೆ ಜಿನುಗುತ್ತದೆ. ಪಕ್ಕದಲ್ಲಿ ಪಾಲಿಸ್ಟೈರೀನ್ ಇದ್ದರೆ ಅದರೊಳಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಚೈನು ಬಿಗಿಯಾಗಿ ಎಳೆದುಕೊಂಡೇ ಇರುತ್ತದೆ, ಮೆತ್ತಗಾದ ಚಕ್ರಕ್ಕೆ ಹಳ್ಳ ಬೀಳುತ್ತದೆ. ಇತ್ತ ಎಣ್ಣೆ ಕಳೆದುಕೊಂಡ ಚೈನು ಒಣಗಿ ಪಟ್ಟನೆ ತುಂಡಾಗುತ್ತದೆ. ಚಕ್ರ ಕರಗುವುದು, ಚೈನು ಮುರಿಯುವುದು ಎರಡೂ ಒಂದೇ ರೋಗ. ಇದು ನಿಮ್ಮ ಅಟ್ಟದಲ್ಲಿ ಶುರುವಾದದ್ದಲ್ಲ. ನಿಮ್ಮ ಅಪ್ಪ ಚೈನು ತೊಡಿಸಿದ ದಿನವೇ ಶುರುವಾಗಿತ್ತು. ಶೋಕೇಸಿನಲ್ಲೇ ಬಿಟ್ಟಿದ್ದರೂ ಆಗುತ್ತಿತ್ತು. ನನ್ನ ಮೇಜಿಗೆ ರಿಪೇರಿಗೆ ಬರುವ ಹಳೇ ಟ್ಯಾಂಕ್‌ಗಳಲ್ಲಿ ಇದು ಮಾಮೂಲಿ.

ಬಣ್ಣ ಬಳಿದರೆ ತಡೆಯುತ್ತದೆ ಅನ್ನುವ ಮಾತನ್ನೂ ನೀವು ಕೇಳಿರಬಹುದು. ಅರ್ಧ ನಿಜ. ದಪ್ಪ ಬಣ್ಣ ಸ್ವಲ್ಪ ಕಾಲ ತಡೆಯುತ್ತದೆ, ಆಮೇಲೆ ಬಣ್ಣವೇ ಅಂಟಾಗುತ್ತದೆ.

ಇನ್ನು ವಿಮಾನ. ಇಲ್ಲಿ ನುಸಿಗುಳಿಗೆಯದೇ ಪಾತ್ರ. ಅದರೊಳಗಿನ ನ್ಯಾಫ್ತಲೀನ್ ಕರಗಿ ನೀರಾಗದೆ ನೇರ ಆವಿಯಾಗುತ್ತದೆ. ಬೀರುವಿನ ಬಟ್ಟೆಗೆ ಅದರಿಂದ ತೊಂದರೆ ಇಲ್ಲ. ಆದರೆ ಪಾಲಿಸ್ಟೈರೀನ್ ಮತ್ತು ನ್ಯಾಫ್ತಲೀನ್ ಒಂದೇ ಜಾತಿಯ ರಾಸಾಯನಿಕಗಳು, ಒಂದರೊಳಗೊಂದು ಸಲೀಸಾಗಿ ಬೆರೆಯುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಆವಿ ಎಲ್ಲಿಗೂ ಹೋಗಲಾರದೆ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು, ಬಣ್ಣವನ್ನು ಮೆತ್ತಗೆ ಮಾಡಿದೆ. ಅಂಟು ಬಂದದ್ದು ಹಾಗೆ. ರಾತ್ರಿ ತಂಪಾದಾಗ ಅದೇ ಆವಿ ಮತ್ತೆ ಸಣ್ಣ ಬಿಳಿ ಹರಳಾಗಿ ಮಾಡೆಲ್ ಮೇಲೆ ಕೂರುತ್ತದೆ. ಹಾಗಾಗಿ ನೀವು ನೋಡಿದ ಬಿಳಿ ಪುಡಿ ಬೂಸು ಇರಲಿಕ್ಕಿಲ್ಲ. ಭೂತಗನ್ನಡಿ ಹಿಡಿದು ನೋಡಿ. ಹೊಳೆಯುವ ಸೂಜಿಯಂಥ ಹರಳಾದರೆ ಅದು ನ್ಯಾಫ್ತಲೀನ್. ಹತ್ತಿಯ ಎಳೆಯಂತೆ, ಮಂಕಾಗಿದ್ದರೆ ಬೂಸು. ಹರಳು ಗಾಳಿಗಿಟ್ಟ ಕೆಲವು ದಿನಕ್ಕೆ ತಾನೇ ಮಾಯವಾಗುತ್ತದೆ. ಬೂಸು ಹೋಗುವುದಿಲ್ಲ.

ಒಂದು ಹಿಡಿ ಹಾಕಿದಿರಿ ಎಂದು ಬೈಯುವುದಿಲ್ಲ. ಕೊಡಗಿನಲ್ಲಿ ಕಕ್ಕಡ ಮಾಸದ ಮಳೆ ಕಂಡವರು ಯಾರಾದರೂ ಹಾಕುತ್ತಾರೆ. ಆದರೆ ಮುಂದೆ ಯಾವ ಪ್ಲಾಸ್ಟಿಕ್ ಮಾಡೆಲ್ ಹತ್ತಿರವೂ ನುಸಿಗುಳಿಗೆ ಬೇಡ, ಅದರ ಬದಲಿಗೆ ಕರ್ಪೂರವೂ ಬೇಡ.

ಈಗ ಏನು ಮಾಡಬೇಕು. ವಿಮಾನವನ್ನು ಎರಡು ಮೂರು ವಾರ ನೆರಳಿನಲ್ಲಿ, ಗಾಳಿ ಆಡುವ ಕಡೆ ಹಾಗೇ ಬಿಡಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಮಕ್ಕಳು ಮಲಗುವ ಕೋಣೆಯಲ್ಲಿ ಇಡಬೇಡಿ, ಆ ಆವಿ ಉಸಿರಾಟಕ್ಕೆ ಒಳ್ಳೆಯದಲ್ಲ. ಒಳಗಿಳಿದ ನ್ಯಾಫ್ತಲೀನ್ ನಿಧಾನವಾಗಿ ಹೊರಬರುತ್ತದೆ, ಪ್ಲಾಸ್ಟಿಕ್ ಬಹುಮಟ್ಟಿಗೆ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಬೆರಳು ತಾಗಿಸಿದರೆ ಮೆತ್ತನೆಯ ಬಣ್ಣದಲ್ಲಿ ಬೆರಳಚ್ಚು ಕೂರುತ್ತದೆ. ಒಮ್ಮೆ ಕೂತದ್ದು ಹೋಗುವುದಿಲ್ಲ. ಈ ಕಸುಬಿನಲ್ಲಿ ಅರ್ಧ ಹಾನಿ ಅವಸರದಿಂದಲೇ ಆಗುವುದು. ಶುರುವಿನ ವರ್ಷಗಳಲ್ಲಿ ಒಬ್ಬರ ಹಂಟರ್ ವಿಮಾನದ ಮೇಲಿದ್ದ ಒಂದು ಸಣ್ಣ ಕಲೆಯನ್ನು ಥಿನ್ನರ್ ಅದ್ದಿದ ಹತ್ತಿಯಿಂದ ಒರೆಸಲು ಹೋಗಿದ್ದೆ. ಕಲೆ ಹೋಯಿತು, ರೆಕ್ಕೆಯ ಮೇಲಿನ ಗೆರೆಗಳೂ ಹೋದವು. ಆ ರೆಕ್ಕೆ ಈಗಲೂ ನನ್ನ ಡ್ರಾಯರಿನಲ್ಲಿದೆ.

ಅಂಟು ಪೂರ್ತಿ ಹೋದ ಮೇಲೆ ಮೆತ್ತನೆಯ ಬ್ರಷ್‌ನಿಂದ ಧೂಳು ಕೊಡವಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಇಯರ್ ಬಡ್ ಅದ್ದಿ, ಹಿಂಡಿ, ಒಂದೊಂದೇ ಚೂರು ಜಾಗ ಒರೆಸುತ್ತಾ ಹೋಗಿ. ವಿಮಾನವನ್ನೇ ನೀರಿಗೆ ಮುಳುಗಿಸಬೇಡಿ. ಸಂದುಗಳಲ್ಲಿ ನೀರು ನಿಂತರೆ ಹಳೇ ಅಂಟು ಬಿಡಬಹುದು. ಬೂಸು ನಿಜವಾಗಿ ಇದ್ದರೆ ಮಾತ್ರ ಬ್ರಷ್ ಮಾಡುವ ಕೆಲಸ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಮಾಡಿ.

ಮಂಜಾದ ಗಾಜಿನ ಮುಚ್ಚಳ, ಅಂದರೆ ಕ್ಯಾನೊಪಿ, ಅರ್ಧಕ್ಕರ್ಧ ತಾನೇ ತಿಳಿಯಾದೀತು. ಉಳಿದರೆ ಬಿಳಿ ಟೂತ್‌ಪೇಸ್ಟ್ ಒಂದು ಚಿಟಿಕೆ ಒದ್ದೆ ಬಟ್ಟೆಗೆ ಹಚ್ಚಿ ತುಂಬಾ ಹಗುರವಾಗಿ ತಿಕ್ಕಿ. ಜೆಲ್ ಪೇಸ್ಟ್ ಬೇಡ. ಒಳಗೇ ಬಿರುಕಿನ ಬಲೆ ಬಿದ್ದಿದ್ದರೆ ಅದಕ್ಕೆ ಮದ್ದಿಲ್ಲ. ಹಾಗೇ ಬಿಡಿ.

ಟ್ಯಾಂಕಿಗೆ ಬರೋಣ. ಇಲ್ಲಿ ಕೈ ಹಾಕಲೇಬೇಕು, ಏಕೆಂದರೆ ಚೈನು ಇರುವವರೆಗೆ ಹಾನಿ ನಿಲ್ಲುವುದಿಲ್ಲ. ಆದರೆ ಎಳೆಯಬೇಡಿ. ಎಳೆದರೆ ಚಕ್ರದ ಚೂರನ್ನೂ ಕಿತ್ತುಕೊಂಡು ಬರುತ್ತದೆ. ಸಣ್ಣ ಕತ್ತರಿಯಿಂದ ಎರಡು ಚಕ್ರಗಳ ನಡುವೆ, ಎಲ್ಲೂ ಅಂಟದ ಕಡೆ ಚೈನನ್ನು ತುಂಡು ಮಾಡಿ. ಒಂದೊಂದು ತುಂಡನ್ನೂ ಬಿಡಿಸಿ. ಅಂಟಿದ ಕಡೆ ಹಳೇ ಬ್ಲೇಡಿನ ತುದಿಯಿಂದ ಚೈನಿನ ಕಡೆಗೇ ಕೊಯ್ಯಿರಿ, ಚಕ್ರದ ಕಡೆಗಲ್ಲ. ಜಿಡ್ಡನ್ನು ಸೋಪು ನೀರಿನ ಬಡ್‌ನಿಂದ ತೆಗೆದು, ಒಂದು ತಿಂಗಳು ಹಾಗೇ ಬಿಡಿ. ಮೆತ್ತನೆಯ ಜಾಗ ಗಟ್ಟಿಯಾಗದೆ ಪುಟ್ಟಿ ಹಾಕಿದರೆ ನಿಲ್ಲುವುದಿಲ್ಲ. ಹಳೇ ಚೈನನ್ನು ಎಸೆಯುವ ಮನಸ್ಸಿಲ್ಲದಿದ್ದರೆ ಗಾಜಿನ ಬಾಟಲಿಯಲ್ಲಿ ಬೇರೆ ಇಡಿ.

ಹಳ್ಳ ಬಿದ್ದ ಚಕ್ರಗಳಿಗೆ ಮೂರು ದಾರಿಗಳಿವೆ. ಸುಲಭದ್ದು ಮೊದಲು. ಸೆಂಚುರಿಯನ್‌ಗೆ ಒಂದೊಂದು ಬದಿಗೆ ಆರು ಜೋಡಿ ಚಕ್ರ. ಅವುಗಳ ಮೇಲ್ಭಾಗಕ್ಕೆ ಪಕ್ಕದ ಉಕ್ಕಿನ ಹಲಗೆಯ, ಅಂದರೆ ಸ್ಕರ್ಟಿನ, ನೆರಳು ಬೀಳುತ್ತದೆ. ಚೈನು ಕಚ್ಚಿರುವುದು ನೆಲದ ಕಡೆ. ನಿಮ್ಮ ಅಪ್ಪ ಚಕ್ರಗಳನ್ನು ತಿರುಗುವಂತೆ ಬಿಟ್ಟಿದ್ದರೆ ಅರ್ಧ ಸುತ್ತು ತಿರುಗಿಸಿದರೆ ಸಾಕು. ಹಳ್ಳ ಮೇಲೆ ಹೋಗಿ ಸ್ಕರ್ಟಿನ ಮರೆಗೆ ಸೇರುತ್ತದೆ. ಒಂದು ಹನಿ ಪುಟ್ಟಿಯೂ ಬೇಡ, ಬಣ್ಣವೂ ಬೇಡ. ನಾನು ಮೊದಲು ನೋಡುವುದೇ ಇದನ್ನು. ತಿರುಗದಿದ್ದರೆ ಬಲವಂತ ಬೇಡ, ಆಕ್ಸಲ್ ಮುರಿಯುತ್ತದೆ.

ತಿರುಗದೇ ಇದ್ದರೆ ಎರಡನೆಯದು, ತುಂಬುವುದು. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು. ಕಲಸಿ, ಕಡಲೆಬೇಳೆಯಷ್ಟು ಇಟ್ಟು, ಒದ್ದೆ ಬೆರಳಿನಿಂದ ದುಂಡಗೆ ತೀಡಿ. ಮರುದಿನ ನಯವಾದ ಸ್ಯಾಂಡ್ ಪೇಪರ್. ಎಂ-ಸೀಲ್‌ನಲ್ಲಿ ಪಾಲಿಸ್ಟೈರೀನ್ ಕರಗಿಸುವ ಥಿನ್ನರ್ ಇಲ್ಲ, ಹಾಗಾಗಿ ಈಗಾಗಲೇ ನೊಂದ ಪ್ಲಾಸ್ಟಿಕ್ಕಿಗೆ ಅದೇ ವಾಸಿ. ಟ್ಯೂಬಿನ ಮಾಡೆಲ್ ಪುಟ್ಟಿ ನೊಂದ ಜಾಗವನ್ನು ಇನ್ನಷ್ಟು ಮೆತ್ತಗೆ ಮಾಡಬಹುದು. ಇದರ ಅಪಾಯ ಬೇರೆ. ತುಂಬಿದ ಕಡೆ ಹೊಸ ಬಣ್ಣ ಬೇಕು, ಅದು ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಚಕ್ರದ ಅಂಚು ಹೇಗೂ ಕಪ್ಪು ರಬ್ಬರ್ ಬಣ್ಣ, ಅಲ್ಲಿ ಸ್ವಲ್ಪ ಮಣ್ಣಿನ ಬಣ್ಣದ ಧೂಳು ಹಚ್ಚಿದರೆ ಗೊತ್ತಾಗುವುದಿಲ್ಲ.

ಮೂರನೆಯದು ಬೇರೆ ಕಿಟ್‌ನಿಂದ ಚಕ್ರ ತಂದು ಹಾಕುವುದು. ನೋಡಲು ಚೆನ್ನಾಗಿರುತ್ತದೆ, ಆದರೆ ಹಳೇ ಚಕ್ರ ಕತ್ತರಿಸಿ ತೆಗೆಯಬೇಕು. ಪುಟ್ಟಿ ನಿಲ್ಲದಷ್ಟು ಹೋಗಿದ್ದರೆ ಮಾತ್ರ ಇದು.

ಹೊಸ ಚೈನು ಹಾಕುವುದಾದರೆ ಮತ್ತೆ ಮೆದು ವಿನೈಲ್ ತರಬೇಡಿ. ಒಂದೊಂದೇ ಕೊಂಡಿ ಜೋಡಿಸುವ ಗಟ್ಟಿ ಪ್ಲಾಸ್ಟಿಕ್ಕಿನ ಚೈನು ಸಿಗುತ್ತದೆ, ಬಿಳಿ ಲೋಹದ್ದೂ ಸಿಗುತ್ತದೆ. ಲೋಹದ್ದು ಭಾರವಾಗಿ ಜೋತು ಬೀಳುತ್ತದೆ, ನಿಜವಾದ ಟ್ಯಾಂಕಿನ ಚೈನಿನಂತೆಯೇ. ಬೆಲೆ ಮಾತ್ರ ಕಿಟ್‌ಗಿಂತ ಜಾಸ್ತಿ ಆಗುವುದುಂಟು. ಚೈನೇ ಇಲ್ಲದೆ ಇಟ್ಟರೂ ತಪ್ಪಿಲ್ಲ.

ಈಗ ನಿಮ್ಮ ಸ್ನೇಹಿತರ ಸಲಹೆ. ಅವರು ನ್ಯಾಟ್ ಬಗ್ಗೆ ಹೇಳಿದ್ದು ಸರಿಯೇ ಇರಬಹುದು. ಆ ಕಾಲದಲ್ಲಿ ಸುಲಭವಾಗಿ ಕೈಗೆ ಸಿಗುತ್ತಿದ್ದದ್ದು ಏರ್‌ಫಿಕ್ಸ್ ಕಂಪನಿಯ 1/72 ನ್ಯಾಟ್ ಕಿಟ್. ಅದು ಬ್ರಿಟನ್ನಿನ ತರಬೇತಿ ವಿಮಾನ, ಎರಡು ಸೀಟಿನದು. ನಮ್ಮ ವಾಯುಪಡೆ ಹಾರಿಸಿದ್ದು ಒಂಟಿ ಸೀಟಿನ ಯುದ್ಧ ವಿಮಾನ. ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ಕಟ್ಟಿದ್ದೂ ಅದನ್ನೇ. 1965ರಲ್ಲಿ ಪಾಕಿಸ್ತಾನದ ಸೇಬರ್ ಯುದ್ಧ ವಿಮಾನಗಳ ಎದುರು ಹೆಸರು ಮಾಡಿದ್ದು, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಒಬ್ಬರೇ ಹೋರಾಡಿ ಪ್ರಾಣ ಕೊಟ್ಟದ್ದು ಆ ಪುಟ್ಟ ವಿಮಾನದಲ್ಲಿ. ಅದರ ರೆಕ್ಕೆಯ ಹರವು 6.73 ಮೀಟರ್, ಎರಡು ಸೀಟಿನದ್ದು 7.32 ಮೀಟರ್. 1/72 ಅಳತೆಯಲ್ಲಿ ಸುಮಾರು 8 ಮಿಲಿಮೀಟರ್ ವ್ಯತ್ಯಾಸ. ಅಳೆದು ನೋಡಿ. ನಿಮ್ಮದು ಹತ್ತು ಸೆಂಟಿಮೀಟರಿಗಿಂತ ಚೂರು ಜಾಸ್ತಿ ಇದ್ದು, ಕ್ಯಾನೊಪಿಯೊಳಗೆ ಹಿಂದೆ ಮುಂದೆ ಎರಡು ಸೀಟು ಇದ್ದರೆ ಅದು ತರಬೇತಿ ವಿಮಾನ.

ಅಂದರೆ ನಿಮ್ಮ ಅಪ್ಪ ಸಿಕ್ಕ ಕಿಟ್ ತಂದು, ಅದಕ್ಕೆ ಕೇಸರಿ, ಬಿಳಿ, ಹಸಿರಿನ ವೃತ್ತ ಬರೆದು ನಮ್ಮದಾಗಿ ಮಾಡಿಕೊಂಡಿದ್ದಾರೆ. ಜೊತೆಗಿದ್ದ ಡೆಕಾಲ್ ಹಾಳೆ ಬಳಸದೆ ಉಳಿದದ್ದೂ ಅದಕ್ಕೇ ಇರಬೇಕು. ಅದರಲ್ಲಿರುವುದು ಬ್ರಿಟಿಷ್ ಗುರುತುಗಳಾದರೆ ಅವರಿಗೆ ಬೇಕಿರಲಿಲ್ಲ. ಹೊಸ ಬಣ್ಣ ಹೊಡೆದರೆ ಈ ‘ತಪ್ಪು’ ಸರಿಹೋಗುತ್ತದಾ? ಎರಡು ಸೀಟು ಎರಡೇ ಇರುತ್ತದೆ. ಹೋಗುವುದು ಕೈಯಲ್ಲಿ ಬರೆದ ವೃತ್ತ ಮಾತ್ರ.

ಫಾಮಗುಸ್ತಾ ಅಂದರೆ ಸೈಪ್ರಸ್ ದ್ವೀಪದ ಒಂದು ಬಂದರು ಪಟ್ಟಣ. ಅದು 17 ಪೂನಾ ಹಾರ್ಸ್ ರೆಜಿಮೆಂಟಿನ ಒಂದು ಸೆಂಚುರಿಯನ್‌ನ ಹೆಸರೂ ಹೌದು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕ್. 1971ರ ಡಿಸೆಂಬರ್ 16ರಂದು ಪಾಕಿಸ್ತಾನದ ವಿರುದ್ಧದ ಬಸಂತರ್ ಕದನದಲ್ಲಿ ಆ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಬನ್ನಿ ಎಂದು ರೇಡಿಯೊದಲ್ಲಿ ಆದೇಶ ಬಂದರೂ ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಅವರು ಇಳಿಯಲಿಲ್ಲ. ಅಲ್ಲೇ ತೀರಿಕೊಂಡರು. ಆಗ ಅವರಿಗೆ 21 ವರ್ಷ. ಮರಣಾನಂತರ ಪರಮವೀರ ಚಕ್ರ ಬಂತು. ನಿಮ್ಮ ಅಪ್ಪ ಯಾವ ರೆಜಿಮೆಂಟು ಎಂದು ನೀವು ಬರೆದಿಲ್ಲ. ಅವರ ಡಿಸ್ಚಾರ್ಜ್ ಬುಕ್ ಮನೆಯಲ್ಲಿದ್ದರೆ ತೆಗೆದು ನೋಡಿ. ಟ್ಯಾಂಕ್ ದಳದವರು ಆ ಹೆಸರನ್ನು ಸುಮ್ನೆ ಬರೆಯುವುದಿಲ್ಲ.

ಬಣ್ಣ ತೆಗೆಯುವ ವಿಷಯ ಪೂರ್ತಿ ಹೇಳಿಬಿಡುತ್ತೇನೆ, ನಿರ್ಧಾರ ನಿಮ್ಮದು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್ ಇವು ಯಾವುದೂ ಬೇಡವೇ ಬೇಡ. ಬಣ್ಣದ ಜೊತೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಬ್ರೇಕ್ ಆಯಿಲ್‌ನಿಂದ ಬಣ್ಣ ಬಿಡುತ್ತದೆ ನಿಜ, ಆದರೆ ಕೆಲವು ಪ್ಲಾಸ್ಟಿಕ್ ಪೆಡಸಾಗುತ್ತದೆ, ಮೈಗೂ ಒಳ್ಳೆಯದಲ್ಲ. ಡೆಟಾಲ್‌ನಲ್ಲಿ ನೆನೆಸಿಟ್ಟರೆ ಬಹಳಷ್ಟು ಬಣ್ಣಗಳು ಸಡಿಲವಾಗುತ್ತವೆ. ಆದರೆ ಅದನ್ನು ನೇರ ನೀರಿಗೆ ಹಿಡಿದರೆ ಸಡಿಲಾದ ಬಣ್ಣ ಹಲಸಿನ ಮೇಣದಂತೆ ಅಂಟುತ್ತದೆ. ಮೊದಲು ಇನ್ನಷ್ಟು ಡೆಟಾಲ್‌ನಲ್ಲೇ ತೊಳೆದು ಆಮೇಲೆ ಸೋಪು. ಬೇರೆಯವರು ಕಟ್ಟಿದ, ಸಂತೆಯಲ್ಲಿ ಕೊಂಡ ಮಾಡೆಲ್ ಆಗಿದ್ದರೆ ಮಾಡಿ ಅನ್ನುತ್ತಿದ್ದೆ. ಈಗ ತಾನೇ ನ್ಯಾಫ್ತಲೀನ್ ಕುಡಿದು ಮೆತ್ತಗಾದ ಪ್ಲಾಸ್ಟಿಕ್ಕಿಗೆ, ಅದೂ ನಿಮ್ಮ ಅಪ್ಪನ ಅಕ್ಷರ ಇರುವುದಕ್ಕೆ, ನಾನಾಗಿದ್ದರೆ ಮಾಡುವುದಿಲ್ಲ. ಬಣ್ಣ ಎದ್ದು ಹೋದ ಕಡೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಮುಟ್ಟಿಸಿ. ಅದಕ್ಕೂ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ.

ಹಳದಿಯಾದ ಡೆಕಾಲ್ ಹಾಳೆಗೆ ಒಂದು ತಮಾಷೆಯ ಉಪಾಯವಿದೆ. ಹಳದಿ ಬಿಸಿಲಿನಿಂದ ಬರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹಳೇ ಎಣ್ಣೆಬಣ್ಣ, ವಾರ್ನಿಶ್‌ಗಳು ಕತ್ತಲೆಯಲ್ಲೇ ಹೆಚ್ಚು ಹಳದಿಯಾಗುವುದು. ಹಾಳೆಯನ್ನು ಜಿಪ್ ಕವರಿನಲ್ಲಿ ಹಾಕಿ, ಮುಖ ಹೊರಗೆ ಮಾಡಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಅಂಟಿಸಿ. ದಿನಾ ನೋಡುತ್ತಿರಿ, ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಕೆಂಪು ಮಾಸತೊಡಗಿದರೆ ತೆಗೆದುಬಿಡಿ. ಇದು ಹಾಳೆಗೆ ಮಾತ್ರ. ಕಟ್ಟಿದ ಮಾಡೆಲನ್ನು ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ಕೇ ಹಳದಿಯಾಗಿ ಪೆಡಸಾಗುತ್ತದೆ.

ಇಡುವ ಜಾಗಕ್ಕೆ ಬರೋಣ. ಸ್ಪಂಜು ಇನ್ನು ಬೇಡ, ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅದು ಪುಡಿಪುಡಿಯಾಗಿ ಅಂಟುತ್ತದೆ. ಡಬ್ಬಿ ಬೇಕಿದ್ದರೆ ಅಡಿಯಲ್ಲಿ ತ್ರಿಕೋನದೊಳಗೆ 5 ಎಂದು ಬರೆದಿರುವುದನ್ನು ತನ್ನಿ, ಅದು ಪಾಲಿಪ್ರೊಪಿಲೀನ್. 3 ಎಂದಿದ್ದರೆ ಪಿವಿಸಿ, ಅದನ್ನು ಮುಟ್ಟಬೇಡಿ. ಗಾಜಿನ ಶೋಕೇಸ್ ಎಲ್ಲಕ್ಕಿಂತ ಒಳ್ಳೆಯದು, ಹೊರಗೋಡೆಗೆ ತಾಗದಂತೆ ಇರಲಿ. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಒಂದು ಬಟ್ಟಲು, ಪಕ್ಕದಲ್ಲಿ ತೇವ ತೋರಿಸುವ ಒಂದು ಸಣ್ಣ ಮೀಟರ್. ತೇವ ಶೇ. 60 ದಾಟದಂತೆ ನೋಡಿಕೊಂಡರೆ ಬೂಸು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಅನ್ನು ವಾರಕ್ಕೊಮ್ಮೆಯಾದರೂ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಬೇಕಾದೀತು, ನಿಮ್ಮೂರಿನ ಮಳೆಗೆ. ಅಡುಗೆ ಬಾಣಲೆ ಬೇಡ, ಹಳೆಯದೊಂದನ್ನು ಅದಕ್ಕೇ ಬಿಟ್ಟುಬಿಡಿ.

ಮಗನಿಗೆ ಅಜ್ಜನ ಮಾಡೆಲ್ ಆಡಲು ಕೊಡಬೇಡಿ, ಆದರೆ ಚೈನು ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಟಾರ್ಚ್ ಹಿಡಿಯಲು ಹೇಳಿ. ಆಮೇಲೆ ಒಂಟಿ ಸೀಟಿನ ನ್ಯಾಟ್ ಕಿಟ್ ಒಂದನ್ನು ಹುಡುಕಿ ತನ್ನಿ, ಇಬ್ಬರೂ ಸೇರಿ ಕಟ್ಟಿ. ಅಪ್ಪನ ನ್ಯಾಟ್ ಪಕ್ಕ ಇಟ್ಟರೆ ಆ 8 ಮಿಲಿಮೀಟರ್ ಅವನೇ ಕಂಡುಹಿಡಿಯುತ್ತಾನೆ. ಅವನು ಟ್ಯಾಂಕೇ ಬೇಕು ಅಂದರೆ, ಕಿಟ್ ಮನೆಗೆ ಬಂದ ದಿನವೇ ಡಬ್ಬಿ ತೆರೆದು ನೋಡಿ. ಕಪ್ಪು ಮೆದು ಚೈನು ಬೇರೆ ಭಾಗಗಳ ಜೊತೆ ಒಂದೇ ಕವರಿನಲ್ಲಿದ್ದರೆ ಅವತ್ತೇ ತೆಗೆದು ಬೇರೆ ಕಡೆ ಇಟ್ಟುಬಿಡಿ.